ಮಾರ್ಸಲಿ ಅಜ್ಜಿಯ ಒಲೆ

ಮಾರ್ಸಲಿ ಅಜ್ಜಿಯ ಮನೆಯಲ್ಲಿ ಒಲೆ ಆರಿದ್ದನ್ನು ಕಂಡವರಿಲ್ಲ. ಬೇಸಿಗೆಯಲ್ಲೂ ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳನ್ನು ಅದಕ್ಕೆ ಉಣಿಸುತ್ತ, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಅಲ್ಲೇ ಕೂತಿರುತ್ತಾಳೆ. ನೆರೆಯವರು ಕೆಂಡ ಕೇಳಲು ಬಂದರೆ "ಅಯ್ಯೋ, ನಿಮ್ಮಲ್ಲಿ ಆರೇ ಹೋಯ್ತಾ?" ಎಂದು ಸಾವಾದ ಮನೆಯವರನ್ನು ನೋಡುವಂತೆ ನೋಡುತ್ತಾಳೆ. ನಾಯಿ ಬೊಗಳಿದರೆ "ಕುದುರೆ ಮೇಲೆ ಬಂದ್ರಾ? ಎಷ್ಟು ಜನ?" ಎಂದು ಎದ್ದು ನಿಲ್ಲುತ್ತಾಳೆ. ಸೊಸೆ ಕರ್ಸ್ಟಿ ಹಾಲಿನ ಬೋಗುಣಿ ಹಿಡಿದು ಒಲೆಯತ್ತ ಎರಡು ಹೆಜ್ಜೆ ಇಟ್ಟಳೋ, "ದೂರ! ದೂರ ಇಡೇ ಅದನ್ನ!" ಎಂದು ಚೀರುತ್ತಾಳೆ. "ಹಾಲೇನು ಹಾವಾ ಅತ್ತೆ, ಕಚ್ಚೋಕೆ?" ಎಂದು ಕರ್ಸ್ಟಿ ನಗುತ್ತಿದ್ದಳು, ನಿನ್ನೆಯವರೆಗೆ. ನಿನ್ನೆ ಜಮೀನ್ದಾರನ ಪಾರುಪತ್ಯಗಾರ ಬಾಗಿಲಲ್ಲಿ ಕುದುರೆ ಇಳಿದು, ಬಾಯಾರಿದೆ ಎಂದು ಹಾಲು ಕೇಳಿದ. ಅಜ್ಜಿ ಬೋಗುಣಿ ಕೊಟ್ಟು, ಒಲೆಗೆ ಅಡ್ಡಲಾಗಿ ನಿಂತು, "ಪೂರ್ತಿ ಕುಡೀರಿ ಸ್ವಾಮಿ, ತಳ ಕಾಣ್ಬೇಕು" ಎಂದಳು. ಅವನು ಹೋದ ಮೇಲೆ ಖಾಲಿ ಬೋಗುಣಿಯನ್ನು ಮಗುಚಿಟ್ಟು ಸೊಸೆಗೆ ಹೇಳಿದಳು: "ಆಗ ನಂಗೆ ಏಳು ವರ್ಷ. ಕುರಿ ಮೇಯಿಸೋಕೆ ಜಾಗ ಬೇಕು, ಮನೆ ಬಿಡಿ ಅಂತ ಇಂಥವರೇ ಬಂದಿದ್ರು. ಒಲೆ ಆರಿಸೋಕೆ ನೀರು ಹುಡುಕಲಿಲ್ಲ ಕಣೆ. ನಮ್ಮವ್ವ ಆಗಷ್ಟೇ ಕರೆದಿಟ್ಟಿದ್ದ ಹಾಲೇ ಸಾಕಾಯ್ತು."