ನಾನು ಬದಲಿಸಿ ಓದಿದ ಕೊನೆಯ ಪುಟ

ಆ ಪುಸ್ತಕದ ಕೊನೆಯ ಪುಟದಲ್ಲಿ ಇಲ್ಲದ್ದನ್ನು ನಾನು ಓದಿದೆ. ಇದ್ದದ್ದನ್ನು ಓದಲಿಲ್ಲ. ನಂಬಿ ಕೂತಿದ್ದ ಹೆಂಗಸರ ಎದುರು ಪುಸ್ತಕ ಬಿಡಿಸಿ ಹಿಡಿದು, ಕಣ್ಣು ಅಕ್ಷರದ ಮೇಲಿಟ್ಟು — ಸುಳ್ಳು ಹೇಳಿದೆ. ಅದರಿಂದಾಗಿ ಒಬ್ಬ ತಾಯಿ ತನ್ನ ಮಗಳ ಮನೆಗೆ ಹೋಗುವುದು ವರ್ಷಗಟ್ಟಲೆ ತಡವಾಯಿತು.

ನೀವು 'ಕರಿಹೊಳೆ' ಮಾಲೆ ಓದಿದವರಾದರೆ, ಕೊನೆಯ ಪುಟ ಎಂದ ಕೂಡಲೇ ನಿಮಗೂ ಸಿಟ್ಟು ಬಂದಿರಬಹುದು. ಓದದವರಿಗಾಗಿ ಎರಡು ಮಾತು. ಐದು ಪುಸ್ತಕಗಳ ಕಥೆ ಅದು. ಹೊಳೆಯ ಈಚೆ ದಂಡೆಗೆ ಒಂದು ಕೋಟೆ, ಕೋಟೆಯ ಬಾಗಿಲಲ್ಲಿ ಒಂದು ದೀಪ, ಅದನ್ನು ಕಾಯುವವಳು ಹೊನ್ನಾದೇವಿ. ದೀಪ ಉರಿಯುವವರೆಗೆ ಹೊಳೆಯಾಚೆಯ ನೆರಳುಗಳು ಈಚೆ ಬರಲಾರವು. ಆದರೆ ಕಾಯುವವಳು ಬಾಗಿಲು ಬಿಟ್ಟು ಕದಲುವಂತಿಲ್ಲ. ಅವಳ ಮಗಳು ಚಂದ್ರಿ ಮೊದಲ ಪುಸ್ತಕದಲ್ಲೇ ತಾಯಿಯ ಜೊತೆ ಜಗಳಾಡಿ ಹೊಳೆ ದಾಟಿ ಹೋಗಿಬಿಡುತ್ತಾಳೆ. ಮುಂದೆ ಹಾರುವ ಆನೆಗಳು, ಮಾತಾಡುವ ಬಂಡೆಗಳು, ಯುದ್ಧ, ಮಾಟ ಎಲ್ಲ ಬರುತ್ತವೆ. ಆದರೆ ಓದುವವರು ಕಾಯುವುದು ಒಂದಕ್ಕೇ — ಚಂದ್ರಿ ಯಾವಾಗ ಬರುತ್ತಾಳೆ?

ಅವಳು ಬರುವುದಿಲ್ಲ. ಐದನೆಯ ಪುಸ್ತಕದ ಕೊನೆಗೆ ಹೊನ್ನಾದೇವಿ ತಾನೇ ದೀಪ ಆರಿಸಿ, ಕೋಟೆಯ ಬಾಗಿಲು ತೆರೆದಿಟ್ಟು, ಹೊಳೆಗೆ ಕಾಲಿಡುತ್ತಾಳೆ. 'ನೀರು ಅವಳು ಅಂದುಕೊಂಡಷ್ಟು ತಣ್ಣಗಿರಲಿಲ್ಲ.' ಇಷ್ಟೇ. ಮುಗಿಯಿತು.

ಆ ಪುಸ್ತಕ ಬಂದ ಹೊಸತರಲ್ಲಿ ಓದುಗರು ಬೈದದ್ದು ಅಷ್ಟಿಷ್ಟಲ್ಲ. ಪುಸ್ತಕ ಓದುವವರ ಒಂದು ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೆ. ಒಬ್ಬ ಮಾಸ್ತರರು, ಬರೆದವನ ಪೆನ್ನಿನಲ್ಲಿ ಶಾಯಿ ತೀರಿತ್ತೇನು ಎಂದು ಕೇಳಿದರು. ಹುಬ್ಬಳ್ಳಿಯ ಒಬ್ಬರು, ಕೊನೆಯ ಹಾಳೆಗಳು ಹರಿದುಹೋಗಿವೆ ಎಂದುಕೊಂಡು ಪುಸ್ತಕ ಬದಲಿಸಿಕೊಳ್ಳಲು ಅಂಗಡಿಗೇ ಹೋಗಿದ್ದರಂತೆ. ಕಾಲೇಜಿನ ಹುಡುಗಿಯರು ತಮಗೆ ಬೇಕಾದ ಹಾಗೆ ಚಂದ್ರಿಯನ್ನು ಕರೆಸಿಕೊಂಡು ಬೇರೆ ಬೇರೆ ಕೊನೆ ಬರೆದು ಹಾಕಿದರು. ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ಇದು ನಾವು ಬರೆದದ್ದು ಎಂದು ಹೇಳಿ ಹಾಕಿದರು. ನಾನು ಹೇಳಲಿಲ್ಲ — ವ್ಯತ್ಯಾಸ ಅಷ್ಟೇ, ಮತ್ತು ಅದೇ ಎಲ್ಲ.

ಕುಂದಗೋಳ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಕೆಲಸದ ಸಲುವಾಗಿ ಬಂದು ಇಲ್ಲೇ ಉಳಿದವಳು. ನನಗೆ ಹಿಂದೆ ಮುಂದೆ ಯಾರಿಲ್ಲ. ಮೆಣಸಿನಕಾಯಿ ಹಂಗಾಮಿನಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಗೌರವ್ವನ ಪಡಸಾಲೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಗೌರವ್ವ ಓಣಿಗೆಲ್ಲ ಹಿರಿಯಳು. ಒಂದು ಮಧ್ಯಾಹ್ನ ನಾನು ಆ ಕಡೆ ಹಾದುಹೋಗುವಾಗ ಕೂಗಿ ಕರೆದಳು.

"ಅಕ್ಕಾರ, ಬರೇ ಪುಸ್ತಕ ಕಾಯ್ಕೊಂತ ಕುಂಡ್ರತೀರೋ, ನಮಗೂ ಒಂದೀಟು ಓದಿ ಹೇಳ್ತೀರೋ?"

ನನ್ನ ಕೈಯಲ್ಲಿದ್ದದ್ದು ಕರಿಹೊಳೆಯ ಮೊದಲ ಪುಸ್ತಕ. ಅಲ್ಲೇ ಕಂಬಕ್ಕೆ ಒರಗಿ ಓದತೊಡಗಿದೆ. ಮರುದಿನ ನನಗೊಂದು ಮಣೆ ಬಂತು. ಅದರ ಮರುದಿನ ಮಜ್ಜಿಗೆ ಬಂತು. ಖಾರದ ಘಾಟಿಗೆ ಸೀನುತ್ತಾ, ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾ ಮೂರು ಹಂಗಾಮು ಓದಿದೆ. ಪರ ಊರಿನ ಒಂಟಿ ಹೆಂಗಸನ್ನು ಅವರು ತಮ್ಮವಳನ್ನಾಗಿ ಮಾಡಿಕೊಂಡದ್ದು ಹೀಗೆ. ಆ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ನೀಲವ್ವ ಆ ಗುಂಪಿನಲ್ಲಿ ಚುರುಕು ಕೈಯವಳು, ಬಾಯಿಯೂ ಅಷ್ಟೇ ಚುರುಕು. ಗಂಡ ಕುರಿಹಿಂಡಿನ ಜೊತೆ ವರ್ಷದ ಅರ್ಧ ಊರ ಹೊರಗೇ ಇರುವ ಮನುಷ್ಯ. ಊರಲ್ಲಿದ್ದಾಗಲೂ 'ನೀ ಹೆಂಗಂತಿ ಹಂಗ' ಎನ್ನುವುದರ ಆಚೆಗೆ ಮಾತಿಲ್ಲ. ಒಬ್ಬಳೇ ಮಗಳು, ರೇಖಾ. ನಾವು ಮೂರನೆಯ ಪುಸ್ತಕದಲ್ಲಿದ್ದಾಗ ರೇಖಾ ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಬರೆಯುವ ಹುಡುಗನನ್ನು ಮನೆಯವರಿಗೆ ಕೇಳದೆ ಮದುವೆಯಾದಳು. ಸುದ್ದಿ ತಿಳಿದ ದಿನ ನೀಲವ್ವ ಫೋನಿನಲ್ಲಿ ಅಂದದ್ದು ಇಡೀ ಓಣಿಗೆ ಕೇಳಿಸಿತು — "ಇನ್ನ ನನ್ನ ಹೊಸ್ತಲಾ ತುಳೀಬ್ಯಾಡ!" ಆಮೇಲೆ ಇಬ್ಬರ ಹತ್ತಿರವೂ ಫೋನಿತ್ತು, ಇಬ್ಬರೂ ಮಾಡಲಿಲ್ಲ. ತಾಯಿಯ ಹಟ ಮಗಳಿಗೂ ಬಂದಿತ್ತು.

ಅಲ್ಲಿಂದ ಮುಂದೆ ನೀಲವ್ವ ಕಥೆ ಕೇಳುವ ರೀತಿಯೇ ಬೇರೆಯಾಯಿತು. ಆನೆ ಹಾರಿದರೆ ಅವಳಿಗೇನೂ ಇಲ್ಲ. ಹೊನ್ನಾದೇವಿಯ ಹೆಸರು ಬಂದರೆ ಕೈಯಲ್ಲಿನ ಮೆಣಸಿನಕಾಯಿ ಹಾಗೇ ನಿಲ್ಲುತ್ತಿತ್ತು.

ಐದನೆಯ ಪುಸ್ತಕ ಮುಗಿಯುವ ಹೊತ್ತಿಗೆ ಗೌರವ್ವ ಒಂದು ಮಾತು ತೆಗೆದಳು. ನಮ್ಮ ಕಡೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಕೊನೆಯ ದಿನ ಮಂಗಲ — ಆರತಿ, ಊಟ, ಎಲ್ಲರೂ ಸೇರುವುದು. "ಹಚ್ಚಿದ ಪುರಾಣಾ ಮಂಗಲಾ ಮಾಡ್ಲಾರದ ಬಿಡಬಾರದ್ರಿ ಅಕ್ಕಾರ" ಎಂದಳು. ಇದು ಪುರಾಣವಲ್ಲ, ಯಾರೋ ಕಟ್ಟಿದ ಕಥೆ ಎಂದೆ. "ಪುರಾಣಾ ಮತ್ತ ಮ್ಯಾಲಿಂದ ಉದುರಿ ಬಿದ್ದಾವೇನ್ರಿ?" ಎಂದು ನಕ್ಕಳು. ದಿನ ಗೊತ್ತಾಯಿತು. ಅವಳ ಮನೆಯಲ್ಲಿ ಗೋಧಿ-ಬೆಲ್ಲದ ಸಿಹಿ, ಮಾದಲಿ, ಮಾಡುವುದೆಂದಾಯಿತು.

ಹಿಂದಿನ ದಿನ ನಾನು ಕೊನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿಕೊಂಡೆ. ಮಂಗಲದ ದಿನ ದೀಪ ಆರಿತು ಎಂಬ ಮಾತನ್ನೇ ಬಾಯಿಗೆ ತರದ ಜನ ಇವರು. ಮನೆಯ ದೀಪ ಆರಿಸುವುದಕ್ಕೂ ಶಾಂತ ಮಾಡು ಎನ್ನುತ್ತಾರೆ. ಇವರ ಮುಂದೆ, ಆರತಿಯ ತಟ್ಟೆ ಇಟ್ಟುಕೊಂಡು, ತಾಯಿ ದೀಪ ಆರಿಸಿ ಮನೆ ಬಿಟ್ಟು ಹೋದಳು ಎಂದು ಹೇಗೆ ಓದಲಿ? ಅವರ ಮನಸ್ಸು ನೋಯಬಾರದೆಂದು ಬದಲಿಸಿದೆ — ಎಂದು ಬರೆದರೆ ಅರ್ಧ ಖರೆ. ಇನ್ನರ್ಧ, ನನಗೆ ಹೊಗಳಿಕೆ ಬೇಕಿತ್ತು. ಮೂರು ಹಂಗಾಮು ಓದಿದವಳು ಕೊನೆಯ ದಿನ ಬೈಸಿಕೊಳ್ಳಲು ತಯಾರಿರಲಿಲ್ಲ.

ಹಾಗಾಗಿ ಚಂದ್ರಿಯನ್ನು ಕರೆತಂದೆ. ಹೊನ್ನಾದೇವಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ಹೊಳೆಯಿಂದ ಎದ್ದು ಬಂದಳು ಮಗಳು. 'ಅವ್ವಾ, ನಿನ್ನ ದೀಪ ಕಂಡು ದಾರಿ ಸಿಕ್ಕಿತು' ಎಂದಳು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಓದಿರಲಿಲ್ಲ. ಹೆಂಗಸರು ಅತ್ತರು, ನಕ್ಕರು. ಗೌರವ್ವ ಪುಸ್ತಕಕ್ಕೆ ಆರತಿ ಮಾಡಿ, ಆಮೇಲೆ ನನಗೂ ಮಾಡಿದಳು. ನಾನು ತಲೆಬಾಗಿ ಆರತಿ ತೆಗೆದುಕೊಂಡೆ.

ಊಟದ ಸಾಲಿನಲ್ಲಿ ನೀಲವ್ವ ನನ್ನ ಬಾಜು ಕೂತಳು. ಮುಖ ಅರಳಿತ್ತು. ರೇಖಾ ಬಸುರಿ, ಏಳು ತುಂಬಿದೆ ಎಂಬ ಸುದ್ದಿ ಆಗ ಯಾರಿಂದಲೋ ಬಂದಿತ್ತು. ತವರಿನವರು ಹೋಗಿ, ಹಸಿರು ಸೀರೆ ಉಡಿಸಿ, ಕುಬಸದ ಕಾರ್ಯ ಮಾಡಿ, ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರುವ ಹೊತ್ತು ಅದು.

"ಅಕ್ಕಾರ, ಯಾರಿಗೂ ಹೇಳಿಲ್ಲ. ಹಸರ ಸೀರಿ ತಂದು ಟ್ರಂಕಿನಾಗ ಇಟ್ಟೀನಿ. ಹಟಾ ಬಿಟ್ಟು ನಾಳಿಗೆ ಕಲಘಟಗಿಗೆ ಹೋಗೂಣು ಅಂತ ಮನಸ್ ಮಾಡಿದ್ದೆ. ಈಗ ಬ್ಯಾಡ ಬಿಡ್ರಿ. ಹೊನ್ನಾದೇವಿ ಕಾದಂಗ ನಾನೂ ಕಾಯ್ತೀನಿ. ತಾನಾಗಿ ಬರ್ತಾಳ ಆಕಿ."

ಅಲ್ಲಿ — ಅಲ್ಲಿ ನಾನು ಬಾಯಿ ತೆರೆಯಬೇಕಿತ್ತು. ಪುಸ್ತಕ ಬದಲಿಸಿ ಓದಿದ್ದು ಸಣ್ಣ ತಪ್ಪು, ಅದನ್ನು ಕ್ಷಮಿಸಬಹುದು. ಇದನ್ನು ಕೇಳಿಯೂ ಸುಮ್ಮನಿದ್ದೆನಲ್ಲ, ಅದು ಕ್ಷಮೆಗೆ ಮೀರಿದ್ದು. ತುಳಿಯಬೇಡ ಎಂದ ಹೊಸ್ತಿಲಿಗೆ ಕರೆಯದೆ ಯಾವ ಮಗಳು ಬರುತ್ತಾಳೆ? ನನಗೆ ಗೊತ್ತಿತ್ತು. ಹಣೆಯ ಮೇಲೆ ಆರತಿಯ ಕುಂಕುಮ ಇನ್ನೂ ಹಸಿಯಿತ್ತು. ಬಾಯಲ್ಲಿ ಮಾದಲಿ ಇತ್ತು. ಹ್ಞೂಂ ಎಂದೆ.

ಬರೆದವನು ಆ ತಾಯಿಗೆ ಹೋಗು ಎಂದಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಕಲಘಟಗಿಯಲ್ಲಿ ಹೆಣ್ಣು ಕೂಸು ಹುಟ್ಟಿತೆಂಬುದು ಬೇರೆಯವರ ಬಾಯಿಂದ ತಿಳಿಯಿತು. ತವರಿನಿಂದ ತೊಟ್ಟಿಲು ಹೋಗಲಿಲ್ಲ. ಅಪ್ಪನೇ ಬಣ್ಣ ಬರೆದ ತೊಟ್ಟಿಲಲ್ಲಿ ಕೂಸು ಮಲಗಿತಂತೆ. ನೀಲವ್ವ ದಿನಾ ಸಂಜೆ ಹೊಸ್ತಿಲ ಬದಿಗೆ ದೀಪ ಹಚ್ಚಿಟ್ಟು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಗ್ರಂಥಾಲಯದಿಂದ ಮನೆಗೆ ಅದೇ ದಾರಿ ನನಗೆ. ಬಳಸು ದಾರಿ ಹಿಡಿಯಲು ಶುರುಮಾಡಿದೆ. ಐದನೆಯ ಪುಸ್ತಕವನ್ನು ಮನೆಗೆ ಒಯ್ದು ಅಕ್ಕಿಡಬ್ಬಿಯ ಹಿಂದೆ ಇಟ್ಟೆ. ಹೈಸ್ಕೂಲಿನ ಹುಡುಗಿಯೊಬ್ಬಳು ಬಂದು ಅದನ್ನು ಕೇಳಿದಾಗ, ಯಾರೋ ಒಯ್ದವರು ತಂದಿಲ್ಲ ಎಂದೆ. ಅವಳು ಸುಮ್ಮನೆ ಹೊರಟಿದ್ದರೂ ನಾನೇ ಕರೆದು, ನಾನಂತೂ ಒಯ್ದಿಲ್ಲ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನೀಲವ್ವ ಹೋಗದಿರಲು ಅವಳ ಹಟವೂ ಕಾರಣ ಎಂದು ಹೇಳಿಕೊಂಡು ಎಷ್ಟೋ ದಿನ ನಿದ್ದೆ ಮಾಡಿದ್ದೇನೆ. ಆ ನೆಪವನ್ನು ಇಲ್ಲಿ ಹೂಡುವುದಿಲ್ಲ.

ಹೀಗೇ ಆರೇಳು ವರ್ಷ ಕಳೆದವು. ಈ ಹಂಗಾಮಿನಲ್ಲಿ ಪಡಸಾಲೆಯ ಹೊಸ ಸೊಸೆಯರು, ಆ ಕರಿಹೊಳಿ ಕತಿ ಮತ್ತೊಮ್ಮಿ ಓದ್ರಿ ಎಂದು ದುಂಬಾಲು ಬಿದ್ದರು. ನಾನು ಏನೋ ನೆಪ ಹೇಳುವುದರೊಳಗೆ ನೀಲವ್ವ ತಲೆಯೆತ್ತಿದಳು.

"ಬ್ಯಾಡ. ಅದೊಂದ ಕತಿ ನನ್ನ ಮುಂದ ಓದಬ್ಯಾಡ್ರಿ ಅಕ್ಕಾರ. ಹೊನ್ನಾದೇವಿ ಮಗಳು ಬಂದ್ಲು. ನನ್ನಾಕಿ ಬರಲಿಲ್ಲ. ನನ್ನ ದೀಪದಾಗ ಏನ್ ಕಮ್ಮಿ ಆತ್ರಿ?"

ಇಷ್ಟು ವರ್ಷ ಅವಳು ಮಗಳನ್ನು ಬೈದುಕೊಳ್ಳುತ್ತಿದ್ದಾಳೆ ಎಂದೇ ತಿಳಿದಿದ್ದೆ. ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಮನೆಗೆ ಹೋಗಿ ಪುಸ್ತಕ ತಂದೆ. ಎಲ್ಲರ ಮುಂದೆ ನಿಂತು, ಅಂದು ನಾನು ಓದಿದ್ದು ಇದರಲ್ಲಿ ಇಲ್ಲ, ಇರುವುದು ಇದು ಎಂದೆ. ಕೊನೆಯ ಪುಟ ಓದಿದೆ. ದೀಪ ಆರಿತು, ಬಾಗಿಲು ತೆರೆಯಿತು, ತಾಯಿ ನೀರಿಗೆ ಕಾಲಿಟ್ಟಳು. ಯಾರೂ ಸೀನಲೂ ಇಲ್ಲ.

"ಮುಂದ? ಮಗಳು ಸಿಕ್ಕಳೇನು?" ಎಂದಳು ಗೌರವ್ವ.

"ಬರದಿಲ್ರಿ. ಅಲ್ಲಿಗೇ ಮುಗೀತು."

"ಬರದಾಂವಗೂ ಗೊತ್ತಿಲ್ಲ ಅಂದಂಗಾತು."

ಸೊಸೆಯರಲ್ಲಿ ಒಬ್ಬಳು ಮೆಲ್ಲಗೆ, "ಅಕ್ಕಾರು ಹೇಳಿದ್ದೇ ಚಲೋ ಇತ್ತು ಬಿಡ್ರಿ" ಎಂದಳು.

"ಚಲೋ ಇತ್ತವಾ," ಎಂದಳು ನೀಲವ್ವ. "ಖರೆ ಇರಲಿಲ್ಲ."

ಖಾರದ ಕೈಯಿಂದ ಕಣ್ಣೊರೆಸಿಕೊಳ್ಳುವ ಹಾಗಿಲ್ಲ. ನೀರು ಗಲ್ಲದ ಮೇಲೆ ಇಳಿಯಲು ಬಿಟ್ಟು ನನ್ನನ್ನೇ ನೋಡಿದಳು. ಮೊದಲ ಸಲ ನನ್ನನ್ನು ಏಕವಚನದಲ್ಲಿ ಮಾತಾಡಿಸಿದಳು.

"ಎಂಥಾಕಿ ಅದೀ ನೀ? ದೀಪದ ಮುಂದ ಕುಂತು ದಿನಾ ನನ್ನ ನಾ ಬೈಕೊಂಡೀನಿ. ಒಂದ ಮಾತು ಹೇಳಾಕ ನಿನಗೇನಾಗಿತ್ತು?"

ಅವಳು ಎದ್ದು ಹೋಗಿ ಕೈ ತೊಳೆದಳು. ಎಣ್ಣೆ ಹಚ್ಚಿ ಮತ್ತೆ ತೊಳೆದಳು. ಬಾಗಿಲಲ್ಲಿ ನಿಂತು ಅಂದಳು:

"ಮುಂಜಾನಿ ಬಸ್ಸಿಗೆ ಹೋಗೂಣು. ಸುಳ್ಳು ಹೇಳಿದಾಕಿ ನೀ, ಬಾಜು ಕುಂಡ್ರಾಕಿನೂ ನೀನೇ."

ಆ 'ನೀ'ಗೆ, ಆ ಬೈಗಳಿಗೆ ನಾನು ಎಷ್ಟು ಕೃತಜ್ಞಳೆಂದು ಹೇಗೆ ಬರೆಯಲಿ? ಬೈದು ದೂರ ಇಡಬಹುದಿತ್ತು. ಬೈದು ಜೊತೆಗೆ ಕರೆದಳು. ಮುಂಜಾನೆ ಟ್ರಂಕಿನ ಹಸಿರು ಸೀರೆ ಅವಳ ತೊಡೆಯ ಮೇಲಿತ್ತು, ಗೌರವ್ವ ಕಟ್ಟಿಕೊಟ್ಟ ಮಾದಲಿಯ ಡಬ್ಬಿ ನನ್ನ ತೊಡೆಯ ಮೇಲೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು: "ನೀರು ತಣ್ಣಗಿರಲಿಲ್ಲ ಅಂತ ಬರದಾನಲ್ಲ, ಅದು ಖರೇನ?" ಪುಸ್ತಕ ತೆಗೆದು ತೋರಿಸಿದೆ. ಅಕ್ಷರ ಬಾರದ ಅವಳು ಆ ಸಾಲಿನ ಮೇಲೆ ಬೆರಳಾಡಿಸಿದಳು.

ಕಲಘಟಗಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಬಣ್ಣ ಒಣಗಲೆಂದು ತೊಟ್ಟಿಲ ಹಲಗೆಗಳನ್ನು ಒರಗಿಸಿದ್ದರು. ಅವುಗಳ ನಡುವಿನಿಂದ, ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯೊಂದು ಬಂತು. ಅಗದಿ ನೀಲವ್ವನದೇ ಹಣೆ, ನೀಲವ್ವನದೇ ಚೂಪು ಕಣ್ಣು. ನಮ್ಮಿಬ್ಬರನ್ನೂ ನೋಡಿ ಕೇಳಿತು —

"ಯಾರು ಬೇಕಾಗಿತ್ರಿ?"

ಮೊಮ್ಮಗಳು ಅಜ್ಜಿಯನ್ನು ಕೇಳಿದ ಮಾತು ಅದು. ಆ ಪ್ರಶ್ನೆಯನ್ನು ಆ ಕೂಸಿನ ಬಾಯಲ್ಲಿಟ್ಟವಳು ನಾನು. ನನ್ನ ಸುಳ್ಳಿಗೆ ಬೆಲೆ ತೆತ್ತವರು ಯಾರೆಂದು ಅಲ್ಲಿ ಕಣ್ಣಾರೆ ಕಂಡೆ.

ಹಿಂದೆಯೇ ರೇಖಾ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ಅವಳು ಕೇಳಿದ್ದು ಇಷ್ಟು: "ಇಷ್ಟ ವರ್ಷ ಬೇಕಾತೇನ ಅವ್ವಾ, ಬರಾಕ?"

ನನ್ನ ಹೆಸರು ಈಗ ಬರುತ್ತದೆ ಎಂದು ಮಾದಲಿಯ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬರಲಿ ಎಂದೇ ಅನಿಸಿತು. ನೀಲವ್ವ ನನ್ನ ಕಡೆ ಒಮ್ಮೆ ನೋಡಿದಳು, ಮಗಳ ಕಡೆ ತಿರುಗಿದಳು, ಸೆರಗು ಸರಿಮಾಡಿಕೊಂಡಳು.

"ಬಸ್ಸು ತಡಾ ಆತವ್ವಾ," ಎಂದಳು.

ರೇಖಾ ಅಳುತ್ತಲೇ ನಕ್ಕಳು. ತಾಯಿಯನ್ನು ಒಳಗೆ ಕರೆದುಕೊಂಡಳು. ನನಗೂ, ಬರ್ರಿ ಅಕ್ಕಾರ, ಬಿಸಲಾಗ ಯಾಕ ನಿಂತೀರಿ ಎಂದಳು. ಆ ಮನೆಯ ಚಹಾ ಕುಡಿದೆ. ಆಮೇಲೂ ನೀಲವ್ವ ಮಗಳ ಮುಂದೆ ಬಾಯಿಬಿಟ್ಟಿಲ್ಲ, ಬಿಡುವುದೂ ಇಲ್ಲ. ಅಷ್ಟು ದೊಡ್ಡ ಮನಸ್ಸಿನ ನೆರಳಲ್ಲಿ ಅಡಗಿ ಕೂರುವುದು ನನ್ನಿಂದ ಆಗದು. ಐದನೆಯ ಪುಸ್ತಕವನ್ನು ಕಪಾಟಿಗೆ ಮರಳಿಸಿದ್ದೇನೆ. ಇದನ್ನೂ ಬರೆದು ಮುಗಿಸುತ್ತಿದ್ದೇನೆ.

ರೇಖಾ, ನೀನು ಓದು ಬಲ್ಲವಳು. ಅಂದು ಬಸ್ಸು ಹೊತ್ತಿಗೆ ಸರಿಯಾಗಿಯೇ ಬಂದಿತ್ತು. ತಡಮಾಡಿದವಳು ನಾನು.