ಬ್ರೇಕ್ ಇಲ್ಲದ ಇಳಿಜಾರು: ಬಾಯ್ನಾದಿಂದ ಸೋಲಂಗಿಗೆ

ವಾಸ್ಕೋ ನಿಲ್ದಾಣದಿಂದ ದಿಲ್ಲಿಯ ಗಾಡಿ ಮಧ್ಯಾಹ್ನ ಮೂರರ ಸುಮಾರಿಗೆ ಹೊರಟಿತು. ಕೊರೊನಾದ ಮೊದಲ ಅಲೆ ಇಳಿದು, ಎರಡನೆಯದು ಇನ್ನೂ ಏಳದಿದ್ದ ಫೆಬ್ರವರಿ ಅದು. ನಿಲ್ದಾಣದ ಬಾಗಿಲಲ್ಲಿ ಪಿಸ್ತೂಲಿನಂಥ ಥರ್ಮಾಮೀಟರನ್ನು ಹಣೆಗೆ ಹಿಡಿದು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ನಮ್ಮ ಜೊತೆ ಎರಡು ಚೀಲ, ಎರಡು ಕಂಬಳಿ, ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಡಬ್ಬಿ ತುಂಬ ಶೇಂಗಾದ ಖಾರದ ಚಟ್ನಿಪುಡಿ, ನಮ್ಮ ಮಾತಿನಲ್ಲಿ ಹಿಂಡಿ, ಇದ್ದವು. ನಮ್ಮವರ ಅಂಗಿಯ ಕಿಸೆಯಲ್ಲಿ, ಬೆರಳಿಗೆ ಕಚ್ಚಿಸಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಇತ್ತು. ಬೆಳಗ್ಗೆ ವಾಸ್ಕೋದ ಬಾಯ್ನಾ ತೀರದ ನಮ್ಮ ಮನೆಗೆ ಬೀಗ ಹಾಕುವಾಗ ಪಕ್ಕದ ಖೋಲಿಯ ಫಾತಿಮಾ ಕೇಳಿದ್ದಳು: “ಮಂದಿ ಥಂಡಿ ತಡಿಲಾರದ ಗೋವಾಕ್ಕ ಬರ್ತಾರ. ನೀವು ಉಲ್ಟಾ ಹೊಂಟೀರಲ್ರಿ ಅಕ್ಕಾರ, ತಲಿ ಸರಿ ಐತಿಲ್ಲೋ?”

ತಲೆ ಸರಿಯಿತ್ತೋ ಇಲ್ಲವೋ ನನಗೂ ಖಾತ್ರಿ ಇರಲಿಲ್ಲ. ನಾನು ವಾಸ್ಕೋದ ಒಂದು ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಪಾಠ ಹೇಳುತ್ತೇನೆ. ಆ ವರ್ಷ ಪಾಠವೆಲ್ಲ ಫೋನಿನಲ್ಲೇ. ನನ್ನ ಗಂಡ ಇಮಾಮಸಾಬ ಸಾವರ್ಡೆಯಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಾರೆ. ಮಳೆಗಾಲದ ಕೊನೆಗೆ ಅವರಿಗೆ ರೋಗ ಬಂದು, ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಚ್ಚಿಕೊಂಡು ಮಲಗಿದ್ದರು. ಪಕ್ಕದ ಮಂಚದವರು ಒಬ್ಬೊಬ್ಬರಾಗಿ ಹೋದದ್ದನ್ನು ಕಂಡರು. ಮನೆಗೆ ಬಂದ ಮೇಲೆ ಡಾಕ್ಟರು ಎರಡು ಸಲ ನೋಡಿ, “ಶ್ವಾಸಕೋಶ ಸ್ವಚ್ಛ ಇದೆ, ಗಾಡಿ ಓಡಿಸಬಹುದು, ಎಲ್ಲಿಗೆ ಬೇಕಾದರೂ ಹೋಗಬಹುದು” ಎಂದರು. ಆದರೆ ನಮ್ಮವರು ನಂಬಲಿಲ್ಲ. ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಎಚ್ಚರವಾಗಿದ್ದು ಅವರ ಉಸಿರು ಕೇಳುತ್ತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ತುಸು ತಡವಾದರೆ ನನ್ನ ಉಸಿರೂ ನಿಲ್ಲುತ್ತಿತ್ತು.

ಟಿಪ್ಪರಿನ ಮಾಲಕ ಒಳ್ಳೆಯವನು. “ಹೋಳಿಯ ಹೊತ್ತಿನ ಶಿಗ್ಮೊ ಹಬ್ಬದವರೆಗೆ ಗಾಡಿ ನಿನಗಾಗಿ ನಿಲ್ಲಿಸುತ್ತೇನೆ. ಆಮೇಲೆ ಬೇರೆ ಡ್ರೈವರನನ್ನು ಕೂರಿಸಬೇಕಾಗುತ್ತದೆ” ಎಂದು ಕೊಂಕಣಿಯಲ್ಲಿ ಹೇಳಿ ಹೋಗಿದ್ದ. ನಮ್ಮವರು ನನಗೆ ಹೇಳಿದ್ದು ಬೇರೆ: “ಹಸೀನಾ, ಇಳಿಜಾರಿನ್ಯಾಗ ನನ್ನ ಉಸುರು ನಿಂತ್ರ ಮುಂದ ಹೊಂಟ ಸ್ಕೂಟರಿನವನ ಗತಿ ಏನು?”

ನಮ್ಮನ್ನು ಹೊರಡಿಸಿದವನು ದೌಲತ್. ಮನಾಲಿಯಾಚೆಯ ಹಳ್ಳಿಯವನು. ಚಳಿಗಾಲವೆಲ್ಲ ಗೋವಾದ ಕಡಲತೀರದ ಶ್ಯಾಕಿನಲ್ಲಿ, ಅಂದರೆ ಗರಿಯ ಮಾಡಿನ ಹೋಟೆಲಿನಲ್ಲಿ, ಅಡುಗೆ; ಬೇಸಿಗೆಗೆ ತನ್ನ ಬೆಟ್ಟ. ಅವನಂಥವರು ನೂರಾರು ಜನ. ಲಾಕ್‌ಡೌನ್ ಬಿದ್ದಾಗ ಚೀಲ ಹೊತ್ತು ರಸ್ತೆಯಲ್ಲಿ ನಿಂತಿದ್ದವನನ್ನು ನಮ್ಮವರು ಮನೆಗೆ ಕರೆತಂದರು. ಊರಿಗೆ ಹೋಗುವ ರೈಲು ಸಿಗುವವರೆಗೆ ಎರಡು ತಿಂಗಳು ನಮ್ಮ ಖೋಲಿಯಲ್ಲೇ ಇದ್ದ. ಓಣಿಯ ಮಕ್ಕಳಿಂದ ಕನ್ನಡ ಕಲಿತ. ನನ್ನನ್ನು ಮಕ್ಕಳ ಹಾಗೆಯೇ ‘ಅಕ್ಕಾರ’ ಎನ್ನುತ್ತಿದ್ದ. ಆ ಚಳಿಗಾಲ ಶ್ಯಾಕುಗಳಲ್ಲಿ ಕೆಲಸ ಕಡಿಮೆಯಿದ್ದುದರಿಂದ ಊರಲ್ಲೇ ಉಳಿದು, ಪ್ರವಾಸಿಗರಿಗೆ ಹಿಮದ ಮೇಲೆ ಜಾರುವ ಸ್ಕೀ ಕಲಿಸುತ್ತಿದ್ದ. “ಬರ್ರಿ, ಭಾಯ್‌ಸಾಬನ ಕರ್ಕೊಂಡ ಬರ್ರಿ. ಇಲ್ಲಿ ಗಾಳಿ ಪುಕ್ಕಟ ಐತ್ರಿ” ಎಂದು ದಿನಾ ಫೋನು.

ಸ್ಲೀಪರಿನಲ್ಲಿ ಒಬ್ಬರಿಗೆ ಎಂಟುನೂರರ ಆಚೀಚೆ ದರ. ದಿಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಗಾಡಿಯಲ್ಲಿ ಅಡುಗೆಯಿರಲಿಲ್ಲ, ಪೊಟ್ಟಣದ ತಿಂಡಿ ಮಾತ್ರ. ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮವಿದ್ದ ಕಾಲವಾದ್ದರಿಂದ ಇಬ್ಬರೂ ಮೂಗಿನ ಪರೀಕ್ಷೆ ಮಾಡಿಸಿ, ಚೀಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದೆವು. ಎದುರಿನ ಸೀಟಿನವರು ಮಾಸ್ಕಿನ ಮೇಲೆ ಪಾರದರ್ಶಕ ಮುಖಕವಚವನ್ನೂ ಹಾಕಿಕೊಂಡು ಕೂತಿದ್ದರು. ಬಿಸ್ಕೀಟನ್ನು ಕವಚದ ಕೆಳಗಿನಿಂದ ತೂರಿಸಿಕೊಂಡು ತಿನ್ನುತ್ತಿದ್ದರು. ಗಾಡಿ ದೂಧ್‌ಸಾಗರದ ಘಾಟಿ ಹತ್ತಿ ಲೋಂಡಾ ಮುಟ್ಟುವಷ್ಟರಲ್ಲಿ ನಾವು ರೊಟ್ಟಿ ಬಿಚ್ಚಿದೆವು. ಹಿಂಡಿಯ ಖಾರ ನೆತ್ತಿಗೇರಿ ನಮ್ಮವರು ಕೆಮ್ಮಿದರು.

ಬರೀ ಖಾರದ ಕೆಮ್ಮು. ಆದರೂ ಬೋಗಿಯ ಮಾತೆಲ್ಲ ಒಮ್ಮೆಲೇ ನಿಂತಿತು. ಕವಚದವರು ಬೂಟು ಕೈಯಲ್ಲಿ ಹಿಡಿದುಕೊಂಡು ಎದ್ದು ಹೋದರು, ತಿರುಗಿ ಬರಲಿಲ್ಲ. ನಮ್ಮವರು ಕಣ್ಣೊರೆಸಿಕೊಂಡು, ಮೊದಲು ಬೆರಳಿಗೆ ಯಂತ್ರ ಹಚ್ಚಿ ನೋಡಿ, ಆಮೇಲೆ ಅಂದರು: “ಚಲೋ ಆತು. ಕಾಲ್ ಚಾಚಾಕ ಜಾಗ ಆತು.” ಆಸ್ಪತ್ರೆಯಿಂದ ಬಂದ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು.

ದಿಲ್ಲಿಗೆ ಮೂರನೆಯ ದಿನ ಬೆಳಗ್ಗೆ ತಲುಪಿದೆವು. ಹಗಲೆಲ್ಲ ಬಸ್ ನಿಲ್ದಾಣದಲ್ಲೇ ಕಳೆದು, ಸಂಜೆ ಹಿಮಾಚಲದ ಸರಕಾರಿ ಬಸ್ಸು ಹತ್ತಿದೆವು. ಹಿಮಾಚಲದ ಗಡಿಯಲ್ಲಿ ಎಲ್ಲರನ್ನೂ ಇಳಿಸಿದರು. ಪೊಲೀಸು ಥರ್ಮಾಮೀಟರ್ ಎತ್ತಿದ್ದೇ ತಡ, ನಮ್ಮವರು ಹಣೆಯ ಬದಲು ಯಂತ್ರ ಕಚ್ಚಿಸಿದ ಬೆರಳನ್ನೇ ಮುಂದೆ ಚಾಚಿ, “ತೊಂಬತ್ತಾರು, ಸಾಹೇಬ್!” ಎಂದರು. ಪೊಲೀಸು ಬೆರಳು ನೋಡಿದ, ಅವರ ಮುಖ ನೋಡಿದ, ಹಿಂದಿಯಲ್ಲಿ ಹೇಳಿದ: “ಪಾಸಾದೆ ಮಾರಾಯ, ಈಗ ಹಣೆ ತೋರಿಸು.” ಚೀಟಿಗಳನ್ನು ಯಾರೂ ಕೇಳಲಿಲ್ಲ. ಕುಲ್ಲು ದಾಟುವಾಗ ಬೆಳಕು ಹರಿಯಿತು. ಕಿಟಕಿಯಲ್ಲಿ ಮೊದಲ ಸಲ ಹಿಮದ ಶಿಖರ ಕಂಡೆ. ಅದು ಮೋಡವಲ್ಲ ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಮೋಡ ಸರಿಯಿತು, ಅದು ಸರಿಯಲಿಲ್ಲ.

ಮನಾಲಿಯ ನಿಲ್ದಾಣದಲ್ಲಿ ದೌಲತ್ ದೂರದಿಂದಲೇ ಕೂಗಿದ. “ಬರ್ರಿ ಅಕ್ಕಾರ! ಬರ್ರಿ ಭಾಯ್‌ಸಾಬ! ಆರಾಮ್ರೀ? ಓಣ್ಯಾಗ ಎಲ್ಲಾರೂ ಚಲೋ ಅದಾರ್ರಿ?” ಉಣ್ಣೆಯ ಟೊಪ್ಪಿಗೆಯ ಆ ಊರವರು ಇದ್ಯಾವ ಭಾಷೆ ಎಂದು ತಿರುಗಿ ನೋಡಿದರು. ಅವನ ಹಳ್ಳಿ ಅಲ್ಲಿಂದ ಮೇಲೆ, ಸೋಲಂಗ್ ಕಣಿವೆಯ ದಾರಿಯಲ್ಲಿ. ಮನೆಯ ಮುಂದೆ ಹಸು ಅಡ್ಡ ನಿಂತಿತ್ತು. “ಸರೀರಿ, ತುಸು ಸರೀರಿ” ಎಂದ ಅದಕ್ಕೆ.

“ಆಕಳಿಗೂ ರೀ ಹಚ್ಚತೀಯಲ್ಲೋ!” ಎಂದರು ನಮ್ಮವರು.

“ನೀವ ಕಲಿಸಿದ್ದಲ್ರಿ. ಹಿರ್ಯಾರಿಗೆ ಹಚ್ಚಬೇಕು ಅಂದ್ರಿ. ಇದು ನನಗಿಂತ ಮನ್ಯಾಗ ಹಿರೇದೈತ್ರಿ.”

ಅವನ ತಾಯಿ ಹಬೆಯಲ್ಲಿ ಬೇಯಿಸಿದ ಸಿಡ್ಡು ಬಡಿಸಿದರು. ಗೋಧಿಹಿಟ್ಟಿನ ದಪ್ಪ ಕಡುಬು, ಒಳಗೆ ಅಕ್ರೋಡಿನ ಹೂರಣ, ಮೇಲೆ ತುಪ್ಪ. ನಾವು ಒಯ್ದ ಕಟಕ ರೊಟ್ಟಿ ದಾರಿಯಲ್ಲಿ ಚೂರುಚೂರಾಗಿತ್ತು. ಅವರು ಆ ಚೂರುಗಳನ್ನೇ ಹಿಂಡಿಗೆ ಅದ್ದಿ, ಕಣ್ಣಲ್ಲಿ ನೀರು ಸುರಿಸುತ್ತ, ಡಬ್ಬಿಯ ಮುಚ್ಚಳ ಹಾಕಲು ಬಿಡದೆ ತಿಂದರು. ಒಂದು ದಿನ ಮನೆಯಲ್ಲೇ ಕೂರಿಸಿದರು. ಎತ್ತರದ ಗಾಳಿಗೆ ಮೈ ಹೊಂದಬೇಕಂತೆ.

ಮರುದಿನ ಬೆಳಗ್ಗೆ ಸೋಲಂಗಿಗೆ ಹೋದೆವು. ಸಮುದ್ರಮಟ್ಟದಿಂದ ಎಂಟು ಸಾವಿರ ಅಡಿ. ನಮ್ಮ ಖೋಲಿಯ ಬಾಗಿಲಿಗೆ ನಿಂತರೆ ಸಮುದ್ರವೇ ಕಾಣುತ್ತದೆ. ಅಂಥಲ್ಲಿಂದ ಇಂಥಲ್ಲಿಗೆ ಬಂದಿದ್ದೆವು. ಬಿಸಿಲಿತ್ತು, ಆದರೂ ಗಾಳಿ ಕಿವಿ ಕಚ್ಚುತ್ತಿತ್ತು. ಇಳಿಜಾರಿನ ಬುಡದಲ್ಲಿ ತಾಡಪತ್ರಿಯ ಒಂದು ಚಹಾದಂಗಡಿ, ಅದರಲ್ಲಿ ದೌಲತ್‌ನ ಚಿಕ್ಕಮ್ಮ. ಅಲ್ಲಿ ನಿಂತು ನಮ್ಮವರು ಬೆರಳಿಗೆ ಯಂತ್ರ ಕಚ್ಚಿಸಿದರು. ಎಂಬತ್ತಾರು ತೋರಿಸಿತು.

ಆಸ್ಪತ್ರೆಗೆ ಸೇರಿಸಿದ ದಿನ ಇದ್ದ ಅಂಕಿ ಅದೇ. ನಮ್ಮವರು ನಿಂತಲ್ಲೇ ಹಿಮದ ಮೇಲೆ ಕುಸಿದು ಕೂತರು. “ಹಸೀನಾ, ಆತು” ಎಂದರು. ಗಾಡಿ ತರಿಸು ಎಂದು ನಾನು ಕೂಗುವಷ್ಟರಲ್ಲಿ ದೌಲತ್ ಆ ಯಂತ್ರ ಕಿತ್ತುಕೊಂಡು ತನ್ನ ಬೆರಳಿಗೆ ಹಚ್ಚಿದ. ಎಂಬತ್ತನಾಲ್ಕು.

“ಅಯ್ಯಯ್ಯ, ಭಾಯ್‌ಸಾಬ! ನಿಮಗಿಂತ ಮೊದಲ ನಾನ ಹೊಂಟೇನ್ರಿ!”

ಮುಂಜಾನೆಯಿಂದ ಸ್ಕೀಗಳನ್ನು ಹೆಗಲ ಮೇಲೆ ಹೊತ್ತು ಹತ್ತಿಳಿಯುತ್ತಿದ್ದವನು ಅವನು. ನೀರಲ್ಲಿ ಲೋಟ ತೊಳೆಯುತ್ತಿದ್ದ ಚಿಕ್ಕಮ್ಮನ ಬೆರಳಿಗೂ ಹಚ್ಚಿದ. ಅಂಕಿಯೇ ಬರಲಿಲ್ಲ, ಎರಡು ಗೆರೆ ಮಾತ್ರ ಬಂದವು. “ಚಿಕ್ಕಮ್ಮ ಹೋಗಿಬಿಟ್ಟಾರ್ರಿ. ಆದ್ರೂ ಚಾ ಮಾಡಾಕತ್ತಾರ್ರಿ!” ಎಂದ. ಆಕೆ ಸೌಟಿನಿಂದ ಅವನ ಬೆನ್ನಿಗೊಂದು ಕೊಟ್ಟು, ಏನಾಯಿತೆಂದು ಕೇಳಿದಳು. ಕೇಳಿ, ನಮ್ಮವರ ಕೈ ಮುಟ್ಟಿ ನೋಡಿ, “ಕೈ ಹಿಮವಾಗಿದೆ” ಎಂದು ಕುದಿಯುವ ಚಹಾದ ಲೋಟವನ್ನು ಎರಡೂ ಅಂಗೈಗಳ ನಡುವೆ ಇಟ್ಟಳು. ಲೋಟ ಖಾಲಿಯಾದ ಮೇಲೆ ಮತ್ತೆ ಯಂತ್ರ ಹಚ್ಚಿದೆವು: ತೊಂಬತ್ತನಾಲ್ಕು. ತಣ್ಣನೆ ಬೆರಳಿಗೆ ಅದು ಸುಳ್ಳು ಹೇಳುತ್ತದೆಂದು ನಮಗೆ ಗೊತ್ತಿರಲಿಲ್ಲ. ಗೋವಾದಲ್ಲಿ ಬೆರಳು ತಣ್ಣಗಾಗುವುದು ಯಾವಾಗ?

ಬಾಡಿಗೆಯ ಹಿಮದಂಗಿ ತೊಟ್ಟೆವು, ಅಡಿಯಿಂದ ಮುಡಿಯವರೆಗೆ ಒಂದೇ ಉಡುಪು. ನನಗೆ ಸಿಕ್ಕಿದ್ದು ಗುಲಾಬಿ ಬಣ್ಣದ್ದು. ಕಾಲಿಗೆ ಸಿಮೆಂಟಿನಷ್ಟು ಗಟ್ಟಿ ಬೂಟು, ಅದರಡಿ ಮನುಷ್ಯನುದ್ದದ ಪಟ್ಟಿಗಳು. ನಾನು ನಿಲ್ಲುವಷ್ಟರಲ್ಲೇ ಬಿದ್ದೆ, ಎದ್ದು ಮತ್ತೆ ಬಿದ್ದೆ. ಹಿಮ ಕೊರಳಿನಿಂದ ಒಳಗಿಳಿದಾಗ ಕಿರುಚಿದ್ದು ಯಾರೆಂದು ನನಗೇ ಗೊತ್ತಾಗಲಿಲ್ಲ. ಅಷ್ಟು ಜೋರಾಗಿ ನಾನು ತರಗತಿಯಲ್ಲೂ ಕೂಗಿದವಳಲ್ಲ.

ನಮ್ಮವರದು ಬೇರೆ ಕಥೆ. ಇಪ್ಪತ್ತು ವರ್ಷ ಟಿಪ್ಪರ್ ಓಡಿಸಿದ ಕಾಲು ಅದು. ಇಳಿಜಾರಿನಲ್ಲಿ ವೇಗ ಏರಿದ ಕೂಡಲೇ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಸ್ಕೀಯಲ್ಲಿ ಬಲಗಾಲಿನ ಮೇಲೆ ಭಾರ ಬಿದ್ದರೆ ಮನುಷ್ಯ ಎಡಕ್ಕೆ ತಿರುಗುತ್ತಾನೆ. ಎಡಕ್ಕಿದ್ದದ್ದು ಚಹಾದಂಗಡಿ. ಮೊದಲ ಸಲ ಅವರು ಬೆಂಚಿಗೆ ಹೋಗಿ ಬಡಿದರು.

“ಬಲಗಾಲು ಒತ್ತಬ್ಯಾಡ್ರಿ ಭಾಯ್‌ಸಾಬ!”

“ಒತ್ತಲಿಲ್ಲಂದ್ರ ನಿಲ್ಲೋದು ಹ್ಯಾಂಗೋ?”

“ಒತ್ತಿದ್ರೂ ನಿಂದ್ರಂಗಿಲ್ಲಲ್ರಿ!”

ಎರಡನೆಯ ಸಲ ಮತ್ತೆ ಎಡಕ್ಕೆ, ಮತ್ತೆ ಅಂಗಡಿಗೆ. ಮೂರನೆಯ ಸಲ ಅವರು ಹೊರಟದ್ದನ್ನು ಕಂಡು ಚಿಕ್ಕಮ್ಮ ಕೆಟಲಿಯನ್ನು ಒಳಗಿಟ್ಟು, ಬೆಂಚು ಎಳೆದು, ಖಾಲಿ ಕ್ರೇಟುಗಳನ್ನು ಗೋಡೆಯಂತೆ ಒಟ್ಟಿದಳು. ಅದನ್ನೂ ಕೆಡವಿದರು. ಕ್ರೇಟುಗಳ ನಡುವೆ ಮಲಗಿ ಆಕಾಶ ನೋಡುತ್ತ ತುಸು ಹೊತ್ತು ಯೋಚಿಸಿ, “ತಿಳೀತು” ಎಂದರು. “ಈ ಗಾಡಿಗೆ ಕ್ಲಚ್ಚಿಲ್ಲ, ರೇಸಿಲ್ಲ. ಎರಡೂ ಕಾಲಾಗ ಬ್ರೇಕ್ ಐತಿ. ಎರಡೂ ಕೂಡೇ ಒತ್ತಬೇಕು.” ದೌಲತ್ ಬೆಳಗಿನಿಂದ ಹೇಳುತ್ತಿದ್ದುದೂ ಅದನ್ನೇ: ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ದೂರ ತಳ್ಳಿ, ಎರಡೂ ಕಾಲಿಗೆ ಸಮ ಭಾರ ಹಾಕಿ. ಆದರೆ ಡ್ರೈವರನಿಗೆ ಅದು ಡ್ರೈವರನ ಮಾತಿನಲ್ಲೇ ತಿಳಿಯಬೇಕಿತ್ತು.

ಮಧ್ಯಾಹ್ನ ಮೇಲಿನ ಇಳಿಜಾರಿಗೆ ಹೋಗುತ್ತೇನೆ ಎಂದರು. ಸ್ಕೀ ಹೆಗಲಿಗೆ ಹಾಕಿಕೊಂಡು ದೌಲತ್‌ನ ಹಿಂದೆ ಹತ್ತಿದರು. ನಾನು ಕೆಳಗೆ ನಿಂತೆ. ಅರ್ಧ ಹತ್ತಿ ನಿಂತರು. ಬಗ್ಗಿ ಮೊಣಕಾಲಿಗೆ ಕೈಯೂರಿದರು. ಅಷ್ಟು ದೂರದಿಂದಲೂ ಭುಜ ಏರಿಳಿಯುವುದು ಕಾಣುತ್ತಿತ್ತು. ಬಲಗೈ ಎದೆಯ ಕಿಸೆಯ ಕಡೆ ಹೋಯಿತು. ಯಂತ್ರ ಅಂಗಿಯ ಕಿಸೆಯಲ್ಲಿತ್ತು, ಅಂಗಿ ಹಿಮದುಡುಪಿನ ಒಳಗೆ, ಕೈಗೆ ದಪ್ಪ ಗವಸು. ಗವಸಿನ ಕೈ ಜಿಪ್ಪಿನ ಮೇಲೆ ಆಡಿತು, ಜಿಪ್ಪು ಸಿಗಲಿಲ್ಲ. ಅವರು ತಿರುಗಿ ಕೆಳಗೆ ನನ್ನ ಕಡೆ ನೋಡಿದರು. ಏನು ಸನ್ನೆ ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಸುಮ್ಮನೆ ಕೈ ಎತ್ತಿ ಹಿಡಿದೆ. ಅವರು ಗವಸುಗಳನ್ನು ಒಂದಕ್ಕೊಂದು ಬಡಿದು ಹಿಮ ಕೊಡವಿ, ಮತ್ತೆ ಹತ್ತಿದರು.

ಮೇಲಿನಿಂದ ಮೊದಲು ಕೇಳಿದ್ದು ದನಿ: “ಹಾದಿ ಬಿಡ್ರಿ! ಲೋಡ್ ಗಾಡಿ! ಲೋಡ್ ಗಾಡಿ!” ಸಾವರ್ಡೆಯ ಸಂತೆಯ ದಿನ ಕಿಟಕಿಯಿಂದ ತಲೆ ಹಾಕಿ ಕೂಗುತ್ತಿದ್ದ ಅದೇ ದನಿ. ಪಂಜಾಬಿನ ಒಂದು ಸಂಸಾರ ಅರ್ಥವಾಗದಿದ್ದರೂ ಹಾದಿ ಬಿಟ್ಟಿತು. ಬೆನ್ನು ಬಗ್ಗಿಸಿ, ಕಾಲು ಅಗಲಿಸಿ, ಟೊಪ್ಪಿಗೆ ಹಾರಿಹೋಗಿ, ನಮ್ಮವರು ಬಿಳಿಯ ಧೂಳೆಬ್ಬಿಸುತ್ತ ಬಂದರು. ಚಿಕ್ಕಮ್ಮ ಕೆಟಲಿ ಎತ್ತಿಕೊಂಡು ಓಡಿದಳು. ಎರಡೂ ಬ್ರೇಕು ಕೂಡಿ ಬಿದ್ದವು. ಅಂಗಡಿಗೆ ಒಂದು ಮಾರು ದೂರದಲ್ಲಿ ನಿಂತರು.

ನಿಂತು ನಗತೊಡಗಿದರು. ಉಸಿರು ಸಾಲದೆ ಬಗ್ಗಿದರು, ಮತ್ತೆ ನಕ್ಕರು. ಹೋದ ಉಸಿರು ತಾನಾಗಿ ತಿರುಗಿ ಬರುವುದನ್ನು ನಾನು ಎದುರಿಗೆ ನಿಂತು ನೋಡಿದೆ. ಮತ್ತೆ ಹೋಯಿತು, ಮತ್ತೆ ಬಂತು. ಚಿಕ್ಕಮ್ಮ ಕೆಟಲಿಯನ್ನು ಮತ್ತೆ ಒಲೆಗಿಟ್ಟು ಎಲ್ಲರಿಗೂ ಚಹಾ ಕೊಟ್ಟಳು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಇನ್ನೂ ಎರಡು ದಿನ ಇದ್ದೆವು. ಹೊರಡುವಾಗ ದೌಲತ್‌ನ ತಾಯಿ ಅಕ್ರೋಡು ಕಟ್ಟಿಕೊಟ್ಟರು. ಮರಳುವ ರೈಲು ಭೋಪಾಲ ದಾಟಿದ ಮೇಲೆ ರೂಢಿಯಂತೆ ಕೇಳಿದೆ: “ಎಷ್ಟೈತ್ರಿ?”

“ಯಾರಿಗ್ಗೊತ್ತು? ಯಂತ್ರ ದೌಲತ್‌ಗ ಕೊಟ್ಟ ಬಂದೇನಿ. ಅವರ ಹಳ್ಳ್ಯಾಗ ಒಂದೂ ಇಲ್ಲಂತ.”

ನನಗೆ ಸಿಟ್ಟು ಬಂತು, ಹೆದರಿಕೆಯೂ ಬಂತು. ಅವರು ಅಕ್ರೋಡು ಒಡೆಯುತ್ತ ಕೂತಿದ್ದರು. ಕೆಲವೇ ವಾರಗಳಲ್ಲಿ ಎರಡನೆಯ ಅಲೆ ಎದ್ದಾಗ ಆ ಯಂತ್ರ ದೌಲತ್‌ನ ಹಳ್ಳಿಯ ಮನೆಮನೆಗೂ ತಿರುಗಿತಂತೆ. ಬೆರಳು ಬೆಚ್ಚಗೆ ಮಾಡಿಕೊಂಡು ಹಚ್ಚಬೇಕೆಂದು ಚಿಕ್ಕಮ್ಮ ಎಲ್ಲರಿಗೂ ಹೇಳಿಕೊಟ್ಟಳಂತೆ.

ಗಾಡಿ ತಡವಾಗಿತ್ತು. ಹೀಗಾಗಿ ಬೆಳಕಿನಲ್ಲೇ ಘಾಟಿ ಇಳಿದೆವು. ಕ್ಯಾಸಲ್‌ರಾಕ್‌ನಿಂದ ಕೆಳಗೆ ಬರುವಾಗ ನಮ್ಮವರ ಎರಡೂ ಪಾದಗಳು ಬೋಗಿಯ ನೆಲವನ್ನು ಒತ್ತುತ್ತಿದ್ದವು. ಸಾವರ್ಡೆ ಬಂದಾಗ ಎದ್ದು ನಿಂತು, ಚಪ್ಪಲಿ ಮೆಟ್ಟಿಕೊಂಡರು.

“ಎಲ್ಲಿಗ್ರಿ? ವಾಸ್ಕೋ ಇನ್ನೂ ದೂರ ಐತಿ.”

“ನೀ ಮನಿಗೆ ನಡಿ. ಮಾಲಕ ಗ್ಯಾರೇಜಿನ್ಯಾಗ ಇರ್ತಾನ. ಬ್ಯಾಟರಿ ಇಳದಿರ್ತೈತಿ, ಚಾಲೂ ಮಾಡಿ ನೋಡ್ತೇನಿ. ಸಂಜೀಕ ಬರ್ತೇನಿ. ಮೀನು ತಂದ ಇಡು.”

ಇಳಿದು, ಹಿಂದೆ ನೋಡದೆ, ಜನರ ನಡುವೆ ದಾರಿ ಮಾಡಿಕೊಂಡು ಹೋದರು. ಗಾಡಿ ಹೊರಟಿತು. ಕಿಟಕಿಯಲ್ಲಿ ಅದಿರಿನ ಕೆಂಪು ಧೂಳು ಹಿಡಿದ ಮರಗಳು ಹಾದುಹೋದವು. ಎದುರಿನ ಸೀಟು ಖಾಲಿ. ಕೇಳಲು ಯಾರ ಉಸಿರೂ ಇರಲಿಲ್ಲ. ಅಕ್ರೋಡಿನ ಗಂಟಿಗೆ ತಲೆಯಿಟ್ಟದ್ದಷ್ಟೇ ನೆನಪು.

“ಏಳ್ರಿ ಯವ್ವಾ” ಎಂದು ಯಾರೋ ಭುಜ ಅಲುಗಿಸಿದರು. ಕಣ್ಣು ಬಿಟ್ಟರೆ ಕಸಬರಿಗೆ ಹಿಡಿದ ಹೆಂಗಸು. ಬೋಗಿ ಪೂರಾ ಖಾಲಿಯಾಗಿತ್ತು. “ವಾಸ್ಕೋ ಬಂದು ಭಾಳ ಹೊತ್ತಾತು. ಎಷ್ಟ್ ದಿನದ ನಿದ್ದಿ ಬೇ ಇದು?”