ಎರಡು ಬ್ಯಾಟರಿಗಳ ನಡುವಿನ ತಂತಿ

ಬೆಳಿಗ್ಗೆ ನೀರು ತುಂಬಿದೆ, ರೊಟ್ಟಿ ಬಡಿದೆ, ಮನೆಯವರ ಮಗ್ಗಕ್ಕೆ ಒಂದು ಬುಟ್ಟಿ ನೂಲಿನ ಕಂಡಿಕೆ ಸುತ್ತಿಟ್ಟೆ, ಜೋಳ ಬೀಸಿಸಿಕೊಂಡು ಬಂದೆ, ಹಾಸಿಗೆಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ. ಸಂಜೆಯ ಬಸ್ಸಿಗೆ ಮಹಾಲಿಂಗಪುರದಿಂದ ಅತ್ತೆಯ ಅಕ್ಕ ಬನಹಟ್ಟಿಗೆ ಬರುವವರಿದ್ದರು. ಅವರನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತೇವೆ.

ದೊಡ್ಡವ್ವ ಹಿಂದಿನ ಸಲ ಬಂದದ್ದು ಗಂಡ ತೀರಿಕೊಂಡ ಮೇಲೆ. ಅಕ್ಕತಂಗಿ ಇಬ್ಬರೂ ತಲೆ ತಗ್ಗಿಸಿ ಶೇಂಗಾ ಸುಲಿಯುತ್ತ ಕುಳಿತಿದ್ದಾಗ, ಗಂಡನ ಕೊನೆಯ ದಿನಗಳನ್ನು ದೊಡ್ಡವ್ವ ಸಣ್ಣ ದನಿಯಲ್ಲಿ ಹೇಳಿಕೊಂಡರು. ಅಳುವ ಸ್ವಭಾವ ಅವರದಲ್ಲ. ನಮ್ಮ ಅತ್ತೆಯೋ, ಮಗ್ಗದ ಸದ್ದಿನಲ್ಲೇ ಬಾಳಿ ಕಿವಿ ಕಳೆದುಕೊಂಡವರು. ಎದುರಿನವರ ಮಾತು ನಿಂತಂತೆ ಕಂಡರೆ ನಕ್ಕು, "ಛಲೋ ಆತ ಬಿಡು" ಎನ್ನುವುದು ಅವರ ರೂಢಿ. ಅಂದೂ ಹಾಗೇ ಅಂದುಬಿಟ್ಟರು. ದೊಡ್ಡವ್ವ ಚೀಲ ಎತ್ತಿಕೊಂಡು ಮುಂದಿನ ಬಸ್ಸಿಗೇ ಹೋದರು. ಈ ಸಲ ಮನೆಯವರು ಹೋಗಿ ಕರೆದಾಗ, ಬರುತ್ತೇನೆ, ಮತ್ತೆ ಹಾಗೇ ಆದರೆ ಇನ್ನು ಆ ಕಡೆ ಹಾಯುವುದಿಲ್ಲ ಎಂದಿದ್ದರಂತೆ.

ದವಾಖಾನೆಯಲ್ಲಿ ಕೊಟ್ಟ ಕಿವಿಯ ಮಷಿನ್ನು ಸಿಳ್ಳೆ ಹೊಡೆಯುತ್ತದೆಂದು ಅತ್ತೆ ತೆಗೆದಿಟ್ಟಿದ್ದರು. ನಾನು ಮದುವೆಗೆ ಮೊದಲು ಜಮಖಂಡಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಒಂದು ಮೈಕು, ಒಂದು ಹೆಡ್‌ಫೋನು, ನಡುವೆ ಆಪ್ ಆಂಪ್ ಎಂಬ ಎಂಟು ಕಾಲಿನ ಐಸಿ ಇಟ್ಟು, ದನಿ ದೊಡ್ಡದು ಮಾಡುವ ಡಬ್ಬಿ ಕಟ್ಟಿದೆ.

ಮೊದಲು ಒಂಬತ್ತು ವೋಲ್ಟಿನ ಒಂದೇ ಬ್ಯಾಟರಿ ಹಾಕಿದ್ದೆ. ದನಿ ತಂತಿಯೊಳಗೆ ಸೊನ್ನೆಯಿಂದ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಬ್ಯಾಟರಿಯ ಮೈನಸ್ಸೇ ಸೊನ್ನೆಯಾದರೆ ಅದಕ್ಕೆ ಇಳಿಯಲು ಜಾಗವಿಲ್ಲ. ಎರಡು ಸಮ ರೆಸಿಸ್ಟರ್ ಇಟ್ಟು ಬ್ಯಾಟರಿಯನ್ನು ನಡುವೆ ಪಾಲು ಮಾಡಿ ನೋಡಿದೆ. ಹೆಡ್‌ಫೋನು ಹಚ್ಚಿದ ಕೂಡಲೇ ಆ ನಡುವು ಜಾರಿ ದನಿ ಒಡೆಯಿತು. ಕೊನೆಗೆ ಎರಡು ಬ್ಯಾಟರಿ ತಂದು, ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ಸು ಕೂಡಿಸಿ, ಕೂಡಿದ ಜಾಗದಿಂದ ಒಂದು ಕರಿ ತಂತಿ ಎಳೆದು ಅದನ್ನೇ ಸೊನ್ನೆ ಮಾಡಿದೆ. ಮೇಲೆ ಒಂಬತ್ತು, ಕೆಳಗೆ ಒಂಬತ್ತು. ದನಿ ತಿಳಿಯಾಯಿತು.

ಮಗ್ಗದಲ್ಲಿ ಅರ್ಧ ಎಳೆ ಮೇಲೇಳುತ್ತವೆ, ಅರ್ಧ ಇಳಿಯುತ್ತವೆ, ಎರಡೂ ಒಂದೇ ಮಟ್ಟದಿಂದ ಹೊರಡಬೇಕಲ್ಲ, ಆ ಮಟ್ಟವೇ ಈ ಕರಿ ತಂತಿ ಎಂದು ಅತ್ತೆಗೆ ತಿಳಿಸಿ ಹೇಳಿದ್ದೆ. ಹಾಗಾದರೆ ಅದು ಹರಿಯಬಾರದು ಎಂದು ಅವರು ಡಬ್ಬಿಗೆ ಕೊರಳಿಗೆ ಹಾಕಿಕೊಳ್ಳುವ ಒಂದು ಬಟ್ಟೆಯ ಚೀಲ ಹೊಲಿದರು.

ದೊಡ್ಡವ್ವ ಬರುವ ಆ ದಿನ ಮಧ್ಯಾಹ್ನ ಪರೀಕ್ಷೆಗೆಂದು ನಾನೇ ಹೆಡ್‌ಫೋನು ಹಾಕಿ ನೋಡಿದರೆ ಬರೀ ಗುಂಯ್ ಎಂಬ ಸದ್ದು. ಡಬ್ಬಿಯ ಕೆಂಪು ದೀಪ ಹತ್ತಿಯೇ ಇತ್ತು. ಮೀಟರಿನಲ್ಲಿ ಅಳೆದೆ, ಎರಡೂ ಬ್ಯಾಟರಿ ಗಟ್ಟಿಯಾಗಿದ್ದವು. ಐಸಿ ಬದಲಿಸಿದೆ. ಊಹೂಂ. ಬಸ್ಸಿನ ಹೊತ್ತು ಹತ್ತಿರ ಬರುತ್ತಿತ್ತು. ಚೀಲದಿಂದ ಎಲ್ಲವನ್ನೂ ಹೊರಗೆ ತೆಗೆದಾಗ ಕರಿ ತಂತಿಯ ಮೇಲೆ ಸಾಸಿವೆಯಷ್ಟು ಉಬ್ಬು ಕಂಡಿತು. ಬೆರಳಿಟ್ಟು ಅತ್ತೆಗೆ ತೋರಿಸಿದೆ.

"ಮುಂಜಾನಿ ಚೀಲದಾಗ ತುರುಕುವಾಗ ಹರೀತು. ನೀ ಕೆಲಸದಾಗಿದ್ದಿ, ನಾನ ಕಟ್ಟೇನಿ. ಜಗ್ಗಿ ನೋಡ ಬೇಕಾರ."

ಜಗ್ಗಿದೆ, ಬಿಚ್ಚಲಿಲ್ಲ. ನೇಕಾರರು ಹರಿದ ಎಳೆಗೆ ಹಾಕುವ ಗಂಟು, ತುದಿಗಳನ್ನೂ ನೀಟಾಗಿ ಕತ್ತರಿಸಿದ್ದರು. ಆದರೆ ತಂತಿಯ ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು. ಒಳಗಿನ ತಾಮ್ರಕ್ಕೆ ತಾಮ್ರ ತಾಗಿರಲಿಲ್ಲ. ಕೆಂಪು ದೀಪ ಜೋಡಿ ಬ್ಯಾಟರಿಯ ಎರಡು ಹೊರತುದಿಗಳ ನಡುವೆ ಇದ್ದದ್ದರಿಂದ ಅದಕ್ಕೆ ಈ ತಂತಿಯ ಹಂಗಿರಲಿಲ್ಲ, ಉರಿಯುತ್ತಲೇ ಇತ್ತು.

ಕತ್ತರಿ ಹಿಡಿದಾಗ ಅತ್ತೆಯ ಮುಖ ಸಣ್ಣದಾಯಿತು. ಗಂಟು ಕತ್ತರಿಸಿ, ಪ್ಲಾಸ್ಟಿಕ್ ಸುಲಿದು, ತಾಮ್ರ ಹೊಸೆದು ಬೆಸುಗೆ ಹಾಕಿದೆ. ಹೆಡ್‌ಫೋನು ಹಾಕಿಸಿ, ಅಡುಗೆಮನೆಯಿಂದ ಮೆಲ್ಲಗೆ ಚಹಾ ಮಾಡಲೇ ಎಂದೆ.

"ಮಾಡು. ಅಕ್ಕಗ ಸಕ್ರಿ ಹಾಕಬ್ಯಾಡ, ಶುಗರ್ ಐತಿ."

ದೊಡ್ಡವ್ವ ಬಂದವರು ತಂಗಿಯ ತಲೆ ನೋಡಿ, "ಏನಬೇ ಇದು, ವಿಮಾನ ಹೊಡಿಯಾಕ ಹೊಂಟೀಯೇನ?" ಎಂದರು. ನಗಲಿಲ್ಲ, ದೂರವೇ ಕುಳಿತರು. ಮನೆಯವರು ಎದ್ದು ಮಗ್ಗ ನಿಲ್ಲಿಸಿದರು. ಅತ್ತೆ ತಾವೇ ಸರಿದು ಅಕ್ಕನ ಪಕ್ಕಕ್ಕೆ ಹೋದರು.

"ಅವತ್ತ ನೀ ಹೇಳಿದ್ದು ನನಗ ಏನೂ ಕೇಳಿಸಿದ್ದಿಲ್ಲಕ್ಕ. ಈಗ ಹೇಳು."

ದೊಡ್ಡವ್ವ ಚಹಾದ ಕಪ್ಪನ್ನು ಕೆಳಗಿಟ್ಟರು. ಆಮೇಲೆ ಗಂಡನಿಗೆ ಜ್ವರ ಬಂದ ಮೊದಲ ದಿನದಿಂದ ಶುರು ಮಾಡಿದರು. ಅತ್ತೆ ನಡುವೆ ಬಾಯಿ ಹಾಕಲಿಲ್ಲ, ನಗಲಿಲ್ಲ. ಒಂದೇ ಒಂದು ಸಲ ಕೇಳಿದರು, "ಕಡೀಕ ನೀರರೆ ಕುಡದ್ರೇನು?"

"ಒಂದ್ ಚಮಚಾ," ಎಂದರು ದೊಡ್ಡವ್ವ.

ರಾತ್ರಿ ಬಿಸಿ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಉಂಡೆವು. ದೊಡ್ಡವ್ವ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು, ನಾಡಿದ್ದು ಹೋದರಾಯಿತು ಎಂದರು. ಅಕ್ಕತಂಗಿ ಮಲಗಿಕೊಂಡೂ ಮಾತಾಡುತ್ತಿದ್ದರು. ಮೊದಲು ನಿದ್ದೆ ಹೋದದ್ದು ದೊಡ್ಡವ್ವ. ಗೊರಕೆ ಹೊಡೆಯುತ್ತಾಳೆ ನೋಡು ಎಂದು ನನಗೆ ಹೇಳಿ, ಅತ್ತೆ ಹೆಡ್‌ಫೋನು ತೆಗೆದಿಟ್ಟು ಆ ಕಡೆ ಮಗ್ಗುಲಾದರು.